ಹೊಸಮನಿ ಸಾರ್ ಜೇಬಿನ ಮೌಸ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಹೊಸಮನಿ ಸಾರ್ ಜೇಬಿನಲ್ಲಿ ಮೌಸ್ ಇಟ್ಟುಕೊಂಡು ಓಡಾಡುವ ಹಾಗೆ ಮಾಡಿದ ಮಹಾನುಭಾವ ನಾನೇ. ಬಿಳಿ ಅಂಗಿ, ಉಬ್ಬಿದ ಜೇಬು, ಅದರಿಂದ ಹೊಟ್ಟೆಯವರೆಗೆ ಇಳಿಬಿದ್ದ ವೈರು. ಜೋಗುಪಾಳ್ಯದಲ್ಲಿ ನಾನು ನೋಡಿಕೊಳ್ಳುತ್ತಿದ್ದ ನಮ್ಮಣ್ಣನ ಬ್ರೌಸಿಂಗ್ ಸೆಂಟರಿಗೆ ಅವರು ಬಂದರೆ, ಯಾರೋ ಡಾಕ್ಟರು ಸ್ಟೆತಾಸ್ಕೋಪನ್ನು ಜೇಬಿಗೆ ತುರುಕಿಕೊಂಡು ಬಂದಂತಿರುತ್ತಿತ್ತು.

ಗದಗದ ಕಡೆಯವರು, ಇಂದಿರಾನಗರದ ಒಂದು ಆಫೀಸಿನಲ್ಲಿ ಗುಮಾಸ್ತರು. ಸಂಜೆ ಆರಕ್ಕೆ ಮೂರನೇ ಕ್ಯಾಬಿನ್ನಿನಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಚದುರಂಗ ಆಡುವರು. ಎದುರಾಳಿ ಯಾವ ದೇಶದವನಾದರೂ ಸರಿ, ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ "ನಮಸ್ಕಾರ್ರೀ" ಎಂದು ಒಂದೊಂದೇ ಕೀಲಿ ಹುಡುಕಿ ಟೈಪಿಸಬೇಕು. ಅಷ್ಟರಲ್ಲಿ ಇವರ ಗಡಿಯಾರದ ಒಂದು ನಿಮಿಷ ಖಲಾಸ್. ಕಾಲಾಳುಗಳನ್ನು ಒಂದೊಂದೇ ಮನೆ ನಡೆಸುವರು, ಎರಡು ಮನೆ ಮುಂದಿಟ್ಟವರನ್ನು ಕಂಡರೆ "ಏನ್ ಅವಸರದ ಮಂದೀಪಾ!" ಮಂತ್ರಿಯನ್ನಂತೂ ಕದಲಿಸುತ್ತಿರಲಿಲ್ಲ: "ಮಂತ್ರಿ ಮನ್ಯಾಗ ಇದ್ರನ ಮರ್ಯಾದಿ." ಸೋಲುವ ಸಿಟ್ಟಿಗೆ ಎದುರಾಳಿ ಆಟ ಬಿಟ್ಟು ಓಡಿದರೆ ಇವರಿಗೆ ಮರುಕ: "ಪಾಪ, ಅಲ್ಲೂ ಕರೆಂಟ್ ಹೋಗೇತಿ."

ಇದನ್ನೆಲ್ಲ ಅವರದೇ ದನಿಯಲ್ಲಿ ಗೆಳೆಯರಿಗೆ ಒಪ್ಪಿಸಿ ನಾನು ಟೀ ಗಿಟ್ಟಿಸುತ್ತಿದ್ದೆ. ನಾನೇ ಆಡಲು ಕೂತರೆ ಹತ್ತು ನಡೆಯೊಳಗೆ ಮಣ್ಣು ಮುಕ್ಕುತ್ತಿದ್ದೆ, ಆ ವಿಷಯ ಬೇರೆ.

ಅವರ ಊರಿನ ಕಟ್ಟೆಯ ಆಟದಲ್ಲಿ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಕಂಪ್ಯೂಟರ್ ಅದಕ್ಕೆ ಬಿಡುತ್ತಿರಲಿಲ್ಲ; ಎಳೆದ ರಾಜ ವಾಪಸ್ ಬಂದು ಕೂರುತ್ತಿದ್ದ. "ತಮ್ಮಾ, ನಿಮ್ಮ ಮೌಸ್ ಕೆಟ್ಟೈತಿ ನೋಡು" ಎಂದರು. ಇಲ್ಲಿನ ನಿಯಮವೇ ಬೇರೆ ಎಂದು ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. "ಹೌದು ಸಾರ್, ಧೂಳು ಸೇರ್ಕೊಂಡ್ಬಿಟ್ಟಿದೆ" ಎಂದು ಮುಖ ಗಂಟಿಕ್ಕಿ ಬೇರೆ ಮೌಸ್ ಹಾಕಿದೆ. ಕೇಳಿದಾಗೆಲ್ಲ ಹಾಕಿದೆ. ಬೇಸತ್ತು ಅವರೇ ಹೊಸದೊಂದನ್ನು ಕೊಂಡು ತಂದರು. ರಾಜ ಆಗಲೂ ಹಾರಲಿಲ್ಲ. "ನಮ್ ಕಂಪ್ಯೂಟರ್‌ಗೆ ಅದಿನ್ನೂ ಒಗ್ಗಿಲ್ಲ ಸಾರ್" ಎಂದೆ. ಒಗ್ಗಲಿ ಎಂದು ಅವರು ಅದನ್ನು ದಿನಾ ಜೇಬಿನಲ್ಲಿ ಹೊತ್ತು ತಂದರು.

ಆದರೂ ಮನುಷ್ಯ ಸುಧಾರಿಸಿದರು. ವರ್ಷದೊಳಗೆ ಕಾಲಾಳುಗಳು ದೊಡ್ಡ ಹೆಜ್ಜೆ ಇಟ್ಟವು, ಮಂತ್ರಿ ಹೊಸ್ತಿಲು ದಾಟಿದ, ಓಡಿಹೋಗದ ಎದುರಾಳಿಗಳೂ ಸೋಲತೊಡಗಿದರು. ರೇಟಿಂಗ್ ಏರಿದ ದಿನ ನನಗೆ ಪೇಡೆ. ಆಫೀಸಿನ ವಾರ್ಷಿಕ ಸ್ಪರ್ಧೆಗೆ ಹೆಸರು ಕೊಟ್ಟರು, ಫೈನಲ್ಲಿಗೂ ಬಂದರು. "ಮಗಳು ಷೋಕೇಸಿನ್ಯಾಗಿನ ಗೊಂಬಿ ತಗದು ಕಪ್ಪಿಗೆ ಜಾಗಾ ಮಾಡ್ಯಾಳ. ನೀನೂ ಬಾ" ಎಂದರು. ಮಿಮಿಕ್ರಿಗೆ ಹೊಸ ಸರಕು ಸಿಗುತ್ತದಲ್ಲ ಎಂದು ಹೋದೆ.

ಅಲ್ಲಿ ಆಟ ಕಂಪ್ಯೂಟರಿನಲ್ಲಲ್ಲ, ಹಲಗೆಯ ಮೇಲೆ. ಸಾರ್ ಪಕ್ಕದಲ್ಲಿ ಮಗಳು ಕೂತಿದ್ದಳು. ಸಾರ್ ಒಂದು ಆನೆಯಷ್ಟು ಮುಂದಿದ್ದರು. ರಾಜನ ಸುತ್ತ ಸ್ವಲ್ಪ ಇಕ್ಕಟ್ಟಾಯಿತು. ಸಾರ್ ನಗುತ್ತ ಅವನನ್ನೆತ್ತಿ ಕುದುರೆಯ ಹಾಗೆ ಹಾರಿಸಿದರು. "ಇಲ್ಲೇನ್ ಮೌಸಿನ ಕಾಟ ಇಲ್ಲ!"

"ರಾಜ ಹಾಗೆ ಹೋಗಲ್ಲ ಸಾರ್," ಎಂದರು ತೀರ್ಪುಗಾರರು. "ಮುಟ್ಟಿದ್ದೀರಿ, ಈಗ ಅವನನ್ನೇ ನಡೆಸಬೇಕು."

"ಹೋಗ್ತಾನ್ರೀ! ಬೇಕಾದ್ರ ಈ ಹುಡುಗನ್ನ ಕೇಳ್ರಿ, ಕಂಪ್ಯೂಟರ್ ಬಲ್ಲಂವ ಅದಾನ."

ಎಲ್ಲರೂ ನನ್ನ ಕಡೆ ತಿರುಗಿದರು. ಆ ಮಗಳೂ. ಊರವರ ದನಿಯೆಲ್ಲ ಬರುವ ನನಗೆ ಆಗ ಬಂದದ್ದು ಬೆಕ್ಕಿನ ಮರಿಯ ದನಿ: "ಹೋಗಲ್ಲ ಸಾರ್. ಮೌಸ್ ಸರಿಯಾಗೇ ಇತ್ತು."

ರಾಜನಿಗೆ ಉಳಿದದ್ದು ಒಂದೇ ಮನೆ. ಅಲ್ಲಿಗೆ ಹೋದ. ಮರುನಡೆಗೆ ಚೆಕ್‌ಮೇಟ್.

ಮಾರನೆಯ ದಿನ ಆರಕ್ಕೆ ಸರಿಯಾಗಿ ಬಂದರು. ಕ್ಯಾಬಿನ್ನಿನ ಕಡೆ ಹೋಗಲಿಲ್ಲ. ಅವರು ನಮ್ಮ ಮೆಟ್ಟಿಲು ಹತ್ತಿದ್ದು ಅದೇ ಕೊನೆ. ನಾನು ಎದ್ದು ನಿಂತು, "ಸಾರಿ ಸಾರ್, ಸುಮ್ನೆ ತಮಾಷೆಗೆ ಅಂದ್ಬಿಟ್ಟೆ" ಎಂದೆ. ಅವರು ಜೇಬಿನಿಂದ ಮೌಸ್ ತೆಗೆದು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ನನ್ನ ಮೇಜಿನ ಮೇಲಿಟ್ಟರು.

"ಇದು ನೆಟ್ಟಗೈತಿ, ಇಟ್ಕೋ. ಕೆಟ್ಟದ್ದು ನಿನ್ನ ನಾಲಿಗಿ. ಬದಲಿ ಮಾಡೂದಿದ್ರ ಅದನ್ನ ಮಾಡು, ತಮ್ಮಾ."