ನಕಲಿನಲ್ಲಿ ಸೇರಿಕೊಂಡ ಸಾಲು

ಮೊನ್ನೆ ಮೊಮ್ಮಗಳ ಪೆನ್ನಿಗೆ ಶಾಯಿ ತುಂಬಿಕೊಡಲು ಹೋಗಿ ಬೆರಳೆಲ್ಲ ನೀಲಿ ಮಾಡಿಕೊಂಡೆ. ನಿಂಬೆಹಣ್ಣು ಉಜ್ಜಿದರೂ ಹೋಗಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಬಹಳ ಉಜ್ಜಲಿಲ್ಲ. ಮಿರಜ ಇನ್ನೂ ಸಂಸ್ಥಾನವಾಗಿದ್ದಾಗ, ಮದುವೆಯಾಗಿ ಬಂದ ಹೊಸದರಲ್ಲಿ, ನನ್ನ ಬೆರಳುಗಳು ಸದಾ ಇದೇ ಬಣ್ಣದಲ್ಲಿರುತ್ತಿದ್ದವು.

ನಮ್ಮ ಯಜಮಾನರು ಲೇಖಕರು, ಮೇಲಾಗಿ ಸುಧಾರಕರು. ಮನೆತನದ್ದು ಬೆಲ್ಲದ ವ್ಯಾಪಾರ. ಅಂಗಡಿಯನ್ನು ಅವರ ಅಣ್ಣ, ಅಂದರೆ ನನ್ನ ಭಾವನವರು, ನೋಡಿಕೊಳ್ಳುತ್ತಿದ್ದುದರಿಂದ ಇವರಿಗೆ ಲೋಕ ತಿದ್ದಲು ಬೇಕಾದಷ್ಟು ಬಿಡುವಿತ್ತು. ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಬರೆಯುತ್ತಿದ್ದರು. ಆದರೆ ಅವರ ಅಕ್ಷರ! ಅಲ್ಲಿ ಅಚ್ಚಿನ ಮೊಳೆ ಜೋಡಿಸುವವರು ಲೇಖನವನ್ನು ಎರಡು ಸಲ ಮರಳಿ ಕಳಿಸಿದ ಮೇಲೆ, ವಿಜಾಪುರದ ಕಡೆ ಕನ್ನಡ ಸಾಲೆ ಕಲಿತು ಬಂದ ನಾನು ಎಲ್ಲವನ್ನೂ ದುಂಡಗೆ ನಕಲು ಮಾಡಿ ಅಂಚೆಗೆ ಹಾಕಬೇಕೆಂದು ಗೊತ್ತಾಯಿತು. ಸ್ತ್ರೀಸ್ವಾತಂತ್ರ್ಯದ ಬಗ್ಗೆ ಅವರು ಬರೆದದ್ದನ್ನೆಲ್ಲ, ಎಲ್ಲರಿಗೂ ರೊಟ್ಟಿ ಬಡಿದು ಹಾಕಿದ ಮೇಲೆ, ನಾನೇ ನಕಲು ಮಾಡಿದ್ದೇನೆ.

ಅವರಿಗೆ ಧೈರ್ಯ ಇರಲಿಲ್ಲವೆಂದಲ್ಲ. ಬರೆದದ್ದಕ್ಕೆ ಸಂಸ್ಥಾನದ ಪೊಲೀಸರು ವಿಚಾರಣೆಗೆ ಕರೆದರೆ ಜರಿ ರುಮಾಲು ಸುತ್ತಿಕೊಂಡು, ಬೀಗರ ಮನೆಗೆ ಹೊರಟವರ ಹಾಗೆ ಹೋಗುತ್ತಿದ್ದರು. ಅಂಥವರು ಅಣ್ಣನ ಚಪ್ಪಲಿ ಸಪ್ಪಳ ಕೇಳಿದರೆ ಸಾಕು, ಕುರ್ಚಿ ಬಿಟ್ಟು ಏಳುತ್ತಿದ್ದರು.

ಇವರ ತಂಗಿ ಶಾಂತವ್ವ ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು ನಮ್ಮಲ್ಲೇ ಇದ್ದಳು. ದವಾಖಾನೆಯಲ್ಲಿ ನರ್ಸ್ ಕೆಲಸ ಕಲಿಯಬೇಕೆಂಬುದು ಅವಳ ಒಂದೇ ಆಸೆ. ಯಾರು ಯಾರನ್ನೋ ಮುಟ್ಟುವ ಕೆಲಸಕ್ಕೆ ದೊಡ್ಡ ಮನೆತನದ ಹೆಣ್ಣುಮಗಳು ಹೋಗುವುದು ಆಗ ಸಣ್ಣ ಮಾತಲ್ಲ. ಒಪ್ಪಬೇಕಾದವರು ಭಾವನವರು, ಅವರನ್ನು ಕೇಳಬೇಕಾದವರು ನಮ್ಮವರು. "ತಡಿಯವಾ, ಅಣ್ಣನ ಮನಸ್ಸು ನೋಡಿ ಮಾತಾಡ್ತೇನಿ" ಎನ್ನುತ್ತಿದ್ದರು. ಹೀಗೆ ಮನಸ್ಸು ನೋಡುವುದರಲ್ಲೇ ಎರಡು ವರ್ಷ ಕಳೆದವು.

ಒಂದು ದಿನ ನಾನು ನಕಲು ಮಾಡುತ್ತಿದ್ದಾಗ, ಅಕ್ಕಿ ಆರಿಸುತ್ತಿದ್ದ ಶಾಂತವ್ವ ಅಂದಳು: "ವೈನಿ, ಅಣ್ಣನ ಲೇಖನದಾಗಿನ ಹೆಣ್ಣಮಕ್ಕಳು ಎಲ್ಲಾರೂ ಕಲಿಯಾಕ ಹೋದ್ರು. ನಾ ಒಬ್ಬಾಕಿ ಉಳದೇನಿ ನೋಡ್ರಿ."

ನಗುತ್ತಲೇ ಅಂದಳು. ನಾನು ಆಗ ಕೊನೆಯ ಹಾಳೆಗೆ ಬಂದಿದ್ದೆ.

ಆ ಲೇಖನ "ಮೊದಲ ಹೆಜ್ಜೆ ಯಾವ ಮನೆಯಿಂದ?" ಎಂದು ಮುಗಿದಿತ್ತು. ಪ್ರಶ್ನೆ ಕೇಳಿ ಕೈ ತೊಳೆದುಕೊಳ್ಳುವ ಚಟ ನಮ್ಮವರಿಗೆ. ನಾನು ಅದರ ಕೆಳಗೆ ಉತ್ತರ ಬರೆದೆ: "ನಮ್ಮ ಮನೆಯಿಂದಲೇ. ನನ್ನ ತಂಗಿ ಶಾಂತಾ ಬರುವ ತಿಂಗಳು ನರ್ಸ್ ಕೆಲಸ ಕಲಿಯಲು ಹೋಗುವಳು." ಶಾಂತವ್ವನಿಗೂ ಹೇಳದೆ ಅಂಚೆಗೆ ಹಾಕಿದೆ.

ನಮ್ಮ ಪೇಟೆಯ ವಿಚಿತ್ರ ನಿಮಗೆ ಹೇಳಬೇಕು. ಅಲ್ಲಿನ ವ್ಯಾಪಾರಸ್ಥರು ಮನೆಯಲ್ಲಿ ಆಡುವುದು ಕನ್ನಡ, ಓದಿ ಬರೆಯುವುದು ಮರಾಠಿ. ಕನ್ನಡ ಅಕ್ಷರ ಒಬ್ಬರಿಗೂ ಬಾರದು, ಭಾವನವರಿಗೂ ಬಾರದು. ಆದ್ದರಿಂದ ಪೇಟೆಗೆ ರಜೆ ಇರುವ ಅಮಾವಾಸ್ಯೆಯ ಮಧ್ಯಾಹ್ನ ಎಲ್ಲರೂ ನಮ್ಮ ಅಂಗಡಿಯ ಗಾದಿಯ ಮೇಲೆ ಕೂಡುವುದು, ಇವರು ಎದ್ದು ನಿಂತು ತಮ್ಮ ಲೇಖನ ಓದಿ ಹೇಳುವುದು ವಾಡಿಕೆ. ಟಪಾಲಿನಲ್ಲಿ ಬಂದ ಪತ್ರಿಕೆಯ ಸುತ್ತುಹಾಳೆಯನ್ನು ಇವರು ಅಲ್ಲಿಯವರೆಗೆ ಬಿಚ್ಚುತ್ತಿರಲಿಲ್ಲ. ಮೊದಲೇ ನೋಡಿದರೆ ಓದುವ ಹುರುಪು ಹೋಗುತ್ತದಂತೆ. ಕೇಳುವವರಲ್ಲಿ ಅರ್ಧ ಮಂದಿ ಎಲೆ ಅಡಿಕೆಗೆ ಬರುತ್ತಿದ್ದರೆಂದು ನನ್ನ ಗುಮಾನಿ.

ಆ ಅಮಾವಾಸ್ಯೆ ಒಳಬಾಗಿಲ ಹಿಂದೆ ನಾನು, ಶಾಂತವ್ವ ನಿಂತಿದ್ದೆವು. "ಮೊದಲ ಹೆಜ್ಜೆ ಯಾವ ಮನೆಯಿಂದ?" ಎಂದು ಕೈ ಎತ್ತಿ ಗರ್ಜಿಸಿದರು. ಕೈ ಮೇಲೆಯೇ ಉಳಿಯಿತು. ಕಣ್ಣು ಮುಂದಿನ ಸಾಲಿಗೆ ಹೋಗಿತ್ತು. ನೀರು ಕುಡಿದರು. ಕಣ್ಣಿಂದ ಚಾಳೀಸು ತೆಗೆದು ಒರೆಸಿದರು. ಆ ಸಾಲು ಬಿಟ್ಟು ಪತ್ರಿಕೆ ಮಡಚಿದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಬಲ್ಲವಳು ನಾನೊಬ್ಬಳೇ. ಮಡಚಿಯೇ ಬಿಡುತ್ತಾರೆ ಅಂದುಕೊಂಡೆ.

"ಮುಗೀತೇನಪಾ?" ಎಂದರು ಭಾವನವರು.

"ಇಲ್ಲಣ್ಣಾ. ಇನ್ನೊಂದು ಸಾಲು ಐತಿ."

ಓದಿದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಹಿಂದೆ ಕೂತವರೊಬ್ಬರು "ಏನಂದ್ರಿ?" ಎಂದು ಕೇಳಿದರು. ಮತ್ತೊಮ್ಮೆ, ಗಟ್ಟಿಯಾಗಿ ಓದಿದರು. ಶಾಂತವ್ವ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಭಾವನವರು ಎಲೆ ಅಡಿಕೆಯ ತಟ್ಟೆ ಬದಿಗೆ ಸರಿಸಿದರು. "ಪೇಪರಿನ್ಯಾಗ ಛಾಪಾ ಆಗೇತೇನು ಅದು?"

"ಆಗೇತಣ್ಣಾ."

"ಪ್ಯಾಟಿ ಮಂದಿ ಮುಂದ ಮಾತು ಕೊಟ್ಟ ಮ್ಯಾಲ ತಿರಗಸೂ ಮನಿ ನಮ್ಮದಲ್ಲ. ಹೋಗಲಿ ಆಕಿ. ಆದ್ರ ಇನ್ನ ಮುಂದ ಬರಿಯೂಕಿಂತ ಮೊದಲ ನನಗ ಹೇಳು."

ಸಂಜೆ ನಮ್ಮವರು ಅಡುಗೆಮನೆಗೆ ಬಂದರು. "ಆ ಸಾಲು ನೀ ಬರದೀಯೇನ?"

"ನಿಮ್ಮ ಅಕ್ಷರದಾಗ ನನಗ ಹಂಗ ಕಂಡತ್ರಿ" ಅಂದೆ.

ನಕ್ಕರು. ಮುಂದೆ ಕೆಲವು ವರ್ಷಗಳಲ್ಲಿ ಆ ಸಾಲು ತಮ್ಮದೇ ಎಂದು ನಂಬಿಯೂ ಬಿಟ್ಟರು. ನಾನು ತಿದ್ದಲಿಲ್ಲ.

ಶಾಂತವ್ವ ಮೂವತ್ತು ವರ್ಷ ರೋಗಿಗಳ ಸೇವೆ ಮಾಡಿ ಹೋದಳು. ಇವರೂ ಈಗಿಲ್ಲ. ಸಾಂಗ್ಲಿಯಿಂದ ಕಾಲೇಜಿನ ಮಕ್ಕಳು ಬಂದು ಇವರ ಬಗ್ಗೆ ಕೇಳುತ್ತಾರೆ. "ಅಜ್ಜಿ, ಅವರು ಯಾರಿಗೂ ಅಂಜತಿದ್ದಿಲ್ಲಂತ, ಹೌದೇನ್ರಿ?" ಇಷ್ಟು ವರ್ಷ ಹೂಂ ಅನ್ನುತ್ತಿದ್ದೆ. ಹೆಂಡತಿಯಾದವಳು ಬೇರೆ ಏನು ಹೇಳಲಿ? ನಿನ್ನೆ ಬಂದ ಹುಡುಗಿಗೆ ಮಾತ್ರ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಆ ಸಾಲು ಬರದಾಕಿ ನಾನವಾ. ಕೆಳಗ ನನ್ನ ಹೆಸರಿರಲಿಲ್ಲ, ಹಿಂಗಾಗಿ ನನಗೇನೂ ಅಂಜಿಕಿ ಆಗಲಿಲ್ಲ. ಎಲ್ಲಾರ ಮುಂದ ಅದನ್ನ ಓದಿದವರು ಅವರು. ಓದೂ ಮುಂದ ಅವರ ಕಾಲು ಗಡಗಡ ನಡಗತಿದ್ವು, ನಾ ಬಾಗಲ ಸಂದಿಯಿಂದ ನೋಡೇನಿ."