ಇರ್ಮಾಳ ಜಗಲಿಯ ದೀಪ

ಕಾರು ನಿಲ್ಲಿಸುವ ತಗಡಿನ ಚಾವಣಿಯ ಮೇಲೆ ಸ್ವೀಟ್‌ಗಮ್ ಮರದ ಮುಳ್ಳುಕಾಯಿಗಳು ಟಣ್ ಎಂದು ಬೀಳುತ್ತಿದ್ದವು. ಒಂದು ಬಿದ್ದು, ಉರುಳಿ, ಅಂಚಿಗೆ ಬಂದು ನೆಲಕ್ಕೆ ಹಾರುವವರೆಗೂ ಇರ್ಮಾ ಫೋಗ್ಲರ್ ಅಡುಗೆಮನೆಯಲ್ಲಿ ಕುಳಿತು ಕಿವಿಗೊಡುತ್ತಿದ್ದಳು. ಆಮೇಲೆ ಇನ್ನೊಂದಕ್ಕೆ ಕಾಯುತ್ತಿದ್ದಳು. ಮಕ್ಕಳು ವೇಷ ಹಾಕಿ ಮನೆಮನೆಗೆ ಸಿಹಿ ಕೇಳಲು ಬರುವ ಹ್ಯಾಲೋವೀನ್ ದಿನದ ಸಂಜೆ, ಗಂಟೆ ಐದೂಮುಕ್ಕಾಲು. ಇನ್ನು ಸ್ವಲ್ಪ ಹೊತ್ತಿಗೆ ಸೇಂಟ್ ಲೂಯಿಸ್‌ನ ದಕ್ಷಿಣದ ಈ ಇಟ್ಟಿಗೆ ಮನೆಗಳ ಬೀದಿಯಲ್ಲಿ ಜಗಲಿಯ ದೀಪಗಳು ಹೊತ್ತಿಕೊಳ್ಳುತ್ತವೆ. ದೀಪ ಉರಿದರೆ ಬನ್ನಿ ಎಂದರ್ಥ. ಆರಿದ್ದರೆ ವೇಷದ ಮಕ್ಕಳು ಮುಂದಿನ ಮನೆಗೆ ನಡೆಯುತ್ತಾರೆ. ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ನಲವತ್ತು ವರ್ಷಗಳಲ್ಲಿ ಇರ್ಮಾಳ ದೀಪ ಈ ಸಂಜೆ ಒಮ್ಮೆಯೂ ಆರಿರಲಿಲ್ಲ.

"ದೀಪ ಹಾಕ್ಲಾ?" ಗಂಡ ನಾರ್ಬರ್ಟ್ ಹೊರಕೋಣೆಯಿಂದ ಕೇಳಿದ.

"ಬೇಡ ಅಂದ್ನಲ್ಲ."

"ಹಾಗಿದ್ರೆ ಬಟ್ಟೆ ಒಗೆಯೋ ಮೆಷಿನ್ನಲ್ಲಿ ಎಂಟು ಪೊಟ್ಟಣ ಚಾಕೊಲೇಟ್ ಯಾಕಿದೆ? ನನ್ನ ಪ್ಯಾಂಟಿಗೆ ಒಗ್ಗರಣೆನಾ?"

ಒಂದು ಪೊಟ್ಟಣ ಹರಿದ ಸದ್ದು ಕೇಳಿಸಿತು. ಬಸ್ ಡಿಪೋದಲ್ಲಿ ಎಂಜಿನ್ ರಿಪೇರಿ ಮಾಡಿ ನಿವೃತ್ತನಾದ ನಾರ್ಬರ್ಟ್‌ಗೆ ಕೆಟ್ಟದ್ದನ್ನು ಬಿಚ್ಚಿ ನೋಡದೆ ಸಮಾಧಾನವಿಲ್ಲ. ಆದರೆ ಹೆಂಡತಿಯ ಈ ತೊಂದರೆಯನ್ನು ಒಂದು ವರ್ಷದಿಂದ ಬಿಚ್ಚಲು ನೋಡಿ ಸೋತಿದ್ದ.

ಈ ಊರಿನಲ್ಲಿ ಬಾಗಿಲಿಗೆ ಬಂದ ಮಗು ಸುಮ್ಮನೆ ಚೀಲ ಒಡ್ಡುವಂತಿಲ್ಲ. ಮೊದಲು ಒಂದು ಜೋಕು ಹೇಳಬೇಕು, ಮನೆಯವರು ನಗಬೇಕು, ಆಮೇಲೆ ಸಿಹಿ. ನಗುವುದರಲ್ಲಿ ಇರ್ಮಾಳನ್ನು ಮೀರಿಸಿದವರು ಬೀದಿಯಲ್ಲಿ ಇರಲಿಲ್ಲ. ಮೂವತ್ತೊಂದು ವರ್ಷ ಅವಳು ಬೇಕರಿಯೊಂದರ ಗಲ್ಲಾಪೆಟ್ಟಿಗೆಯ ಹಿಂದೆ ನಿಂತವಳು. ಬೆಣ್ಣೆ ಕೇಕನ್ನು ಕಾಗದದ ಪೆಟ್ಟಿಗೆಗೆ ಇಳಿಸಿ, ದಾರ ಸುತ್ತಿ, ಗಂಟು ಹಾಕುವಷ್ಟರಲ್ಲಿ ಗಿರಾಕಿಯ ಮಾತಿಗೆ ಸರಿಯಾಗಿ ಒಂದು ನಗು ಸೇರಿಸುತ್ತಿದ್ದಳು. ಪೋಸ್ಟ್‌ಮ್ಯಾನ್ ಪ್ರತಿ ಶುಕ್ರವಾರ ಹೇಳುತ್ತಿದ್ದ ಅದೇ ಜೋಕಿಗೆ ಪ್ರತಿ ಶುಕ್ರವಾರವೂ ನಕ್ಕಿದ್ದಳು. ಬೇಕರಿ ಮುಚ್ಚಿತು. ನಗು ಮಾತ್ರ, ಬೆರಳು ರೂಢಿಯಲ್ಲಿ ಹಾಕುವ ದಾರದ ಗಂಟಿನ ಹಾಗೆ, ತಾನಾಗಿಯೇ ಬರುವುದು ನಿಲ್ಲಲಿಲ್ಲ.

ಹೋದ ವರ್ಷ ಇದೇ ಸಂಜೆ ಮೆಟ್ಟಿಲ ತುಂಬ ಮಕ್ಕಳು. ಮೂಲೆಮನೆಗೆ ಹೊಸದಾಗಿ ಬಂದ ಬೋಸ್ನಿಯಾದವರ ಮಗಳು ಅಮ್ರಾ, ಎಂಟು ವರ್ಷದವಳು, ಬೆಕ್ಕಿನ ಕಿವಿ ಕಟ್ಟಿಕೊಂಡು ಮುಂದೆ ಬಂದಿದ್ದಳು.

"ನಂಗೆ ಜೋಕ್ ಬರಲ್ಲ. ನಮ್ಮಜ್ಜಿ ಹೇಳ್ಕೊಡ್ತೀನಿ ಅಂದಿದ್ರು. ಅಜ್ಜಿ ಮೊನ್ನೆ ತೀರ್ಕೊಂಡ್ರು."

ಇರ್ಮಾ ಅವಳ ಹಿಂದೆ ನಿಂತಿದ್ದ ಮಕ್ಕಳನ್ನು ಎಣಿಸುತ್ತಿದ್ದಳು. ತಲೆ ಹಿಂದಕ್ಕೆ ಚೆಲ್ಲಿ ಗಟ್ಟಿಯಾಗಿ ನಕ್ಕಳು. "ಭಲೇ! ಇದು ಚೆನ್ನಾಗಿದೆ ಪುಟ್ಟಿ!" ಎಂದು ಎರಡು ಚಾಕೊಲೇಟ್ ಚೀಲಕ್ಕೆ ಹಾಕಿದಳು.

ಮುಂದಿನ ಮಗು ಜೋಕು ಹೇಳಲಿಲ್ಲ. "ಮಿಸ್ ಇರ್ಮಾ, ಅವಳಜ್ಜಿ ನಿಜವಾಗ್ಲೂ ತೀರ್ಕೊಂಡಿದ್ದಾರೆ" ಎಂದಿತು. ಅಷ್ಟರಲ್ಲಿ ಬೆಕ್ಕಿನ ಕಿವಿಗಳು ಮೆಟ್ಟಿಲಿಳಿದು ಕತ್ತಲಲ್ಲಿ ಸೇರಿಹೋಗಿದ್ದವು. ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಹಬ್ಬಕ್ಕೆಂದು ಇಟ್ಟಿದ್ದ ದೊಡ್ಡ ಕುಂಬಳಕಾಯಿ ಒಡೆದು ಬಿದ್ದಿತ್ತು; ರಾತ್ರಿ ತಿರುಗುವ ರಕೂನ್ ಪ್ರಾಣಿಯ ಕೆಲಸ ಎಂದು ನಾರ್ಬರ್ಟ್ ಬೋನು ಇಟ್ಟ.

ಆಮೇಲೆ ಅವಳು ಎರಡು ಸಲ ಕೇಕ್ ಮಾಡಿ ಮೂಲೆಮನೆಯ ಗೇಟಿನವರೆಗೆ ಹೋಗಿ ವಾಪಸು ಬಂದಳು. ಎರಡನ್ನೂ ನಾರ್ಬರ್ಟ್ ತಿಂದ. ಬೀದಿಯಲ್ಲಿ ಎದುರಾದರೆ ಅಮ್ರಾ ತಲೆ ತಗ್ಗಿಸಿ ಆ ಬದಿಗೆ ದಾಟುತ್ತಿದ್ದಳು. ದಾಟದೆ ಏನು ಮಾಡುತ್ತಾಳೆ, ಎಂದುಕೊಳ್ಳುತ್ತಿದ್ದಳು ಇರ್ಮಾ. ಅಜ್ಜಿ ಸತ್ತದ್ದಕ್ಕೆ ನಕ್ಕವಳ ಮುಖ ಯಾರಿಗೆ ಬೇಕು?

ಆರು ಹೊಡೆಯಿತು. ಎದುರುಮನೆಯ ದೀಪ ಹೊತ್ತಿತು, ಪಕ್ಕದ್ದೂ ಹೊತ್ತಿತು. ಗಂಡಹೆಂಡಿರು ಪರದೆ ಎಳೆದು ಕತ್ತಲಲ್ಲಿ ಕುಳಿತರು.

"ಸಾಲಗಾರರ ಹಾಗೆ ಅಡಗಿ ಕೂತಿದೀವಲ್ಲೇ," ನಾರ್ಬರ್ಟ್ ಪಿಸುಗುಟ್ಟಿದ.

"ನೀನು ಅಗಿಯೋದು ಬೀದಿಗೆಲ್ಲಾ ಕೇಳುತ್ತೆ. ಮೊದಲು ಅದನ್ನು ನಿಲ್ಸು."

ಮೆಟ್ಟಿಲ ಬಳಿ ಹೆಜ್ಜೆಗಳು ಬಂದು ನಿಂತವು. "ಮಿಸ್ ಇರ್ಮಾ ಮನೇಲಿ ಇಲ್ವಾ?" ಎಂದು ಯಾವುದೋ ಮಗು ಕೇಳಿತು. "ಲೈಟಿಲ್ಲ ಕಣೋ, ಬಾ." ಹೆಜ್ಜೆಗಳು ದೂರವಾದವು. ಇರ್ಮಾ ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದಳು.

ಆಗ ಹಿತ್ತಲ ಬಾಗಿಲು ಬಡಿದ ಸದ್ದಾಯಿತು. ಅದು ನೆಂಟರು ಬರುವ ಬಾಗಿಲು. ತೆರೆದರೆ ಬಿಳಿ ಕೋಟು, ಬಾಯಿಗೆ ಮುಸುಕು, ಕೈಯಲ್ಲಿ ತನ್ನಷ್ಟೇ ಎತ್ತರದ ರಟ್ಟಿನ ಹಲ್ಲುಜ್ಜುವ ಬ್ರಷ್ಷು. ಮುಸುಕು ಕೆಳಗಿಳಿಯಿತು. ಅಮ್ರಾ. ಕಂಕುಳಲ್ಲಿ ಒಂದು ಪುಟ್ಟ ಕುಂಬಳಕಾಯಿ.

ವರ್ಷವಿಡೀ ಜೋಡಿಸಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. "ಅಮ್ರಾ, ಹೋದ ವರ್ಷ ನಾನು..."

"ನಾನೇ," ಎಂದಳು ಹುಡುಗಿ ಅದೇ ಗಳಿಗೆಗೆ. "ನಿಮ್ಮ ಕುಂಬಳಕಾಯಿ ಒದ್ದು ಒಡೆದಿದ್ದು ನಾನೇ, ಮಿಸ್ ಇರ್ಮಾ. ನೀವು ನಕ್ಕಿದ್ದಕ್ಕೆ ಸಿಟ್ಟು ಬಂದಿತ್ತು. ಆವತ್ತೇ, ಎಲ್ರೂ ಹೋದ್ಮೇಲೆ."

ಒಳಗಿನಿಂದ ನಾರ್ಬರ್ಟ್‌ನ ದನಿ ಬಂತು: "ಏನಂದೆ? ಅದು ರಕೂನ್ ಅಲ್ವಾ?"

"ಅಲ್ಲ ಸರ್."

"ದೇವರೇ! ಒಂದು ವರ್ಷದಿಂದ ಬೋನು ಇಟ್ಟು ಕಾಯ್ತಿದೀನಿ! ದಿನಾ ಮೀನು ಹಾಕಿದೀನಿ! ಪಕ್ಕದ್ಮನೆ ಬೆಕ್ಕು ಅದನ್ನ ತಿಂದು ಕರುವಿನಷ್ಟಾಗಿದೆ!"

"ಈ ವರ್ಷ ನೀವು ಕುಂಬಳಕಾಯಿ ಇಡ್ಲಿಲ್ಲ. ಲೈಟೂ ಹಾಕ್ಲಿಲ್ಲ. ನನ್ನಿಂದಲೇ ಅನ್ನಿಸ್ತು." ಅಮ್ರಾ ಕುಂಬಳಕಾಯಿಯನ್ನು ಮುಂದೆ ಚಾಚಿದಳು.

ಹಾಗಾದರೆ ಇವಳು ಬೀದಿ ದಾಟುತ್ತಿದ್ದದ್ದು ಅದಕ್ಕೆ. ಆ ಬದಿಯಲ್ಲಿ ಇವಳು, ಈ ಬದಿಯಲ್ಲಿ ತಾನು, ಒಂದು ವರ್ಷ. ಇರ್ಮಾ ಬಾಗಿಲ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು, ಹುಡುಗಿಯ ಮುಖದ ಮಟ್ಟಕ್ಕೆ.

"ನೀನು ಹೇಳಿದ್ದನ್ನ ನಾನು ಕೇಳಿಸ್ಕೊಳ್ಳಲೇ ಇಲ್ಲ ಪುಟ್ಟಿ. ಬಾಯಿ ನಕ್ಕುಬಿಡ್ತು. ತಪ್ಪು ನಂದು. ಒದ್ದಿದ್ದು ಸರಿಯಾಗೇ ಇದೆ."

"ಕಾಲು ನೋಯ್ತು," ಎಂದಳು ಅಮ್ರಾ.

"ನೋಯ್ಲೇಬೇಕಲ್ಲ. ಆ ಕಾಯಿ ಹತ್ತು ಕೆಜಿ ಇತ್ತು." ಅವಳು ಹುಡುಗಿಯ ಕೈಯಿಂದ ಕುಂಬಳಕಾಯಿ ತೆಗೆದುಕೊಂಡಳು. "ಅಜ್ಜಿ ಹೆಸರೇನು?"

"ಹಾಜಿರಾ." ಹುಡುಗಿ ಬ್ರಷ್ಷನ್ನು ಇನ್ನೊಂದು ಕೈಗೆ ದಾಟಿಸಿದಳು. "ಈ ವರ್ಷ ಜೋಕ್ ಇದೆ. ನಾನೇ ಮಾಡಿದ್ದು. ಹೇಳ್ಲಾ?"

"ನಿಧಾನವಾಗಿ ಹೇಳು."

ಅಮ್ರಾ ಬ್ರಷ್ಷನ್ನು ನೆಲಕ್ಕೂರಿ ನಿಂತಳು. "ಒಂದು ದೆವ್ವ ಹಲ್ಲಿನ ಡಾಕ್ಟರ್ ಹತ್ರ ಹೋಯ್ತಂತೆ. ಡಾಕ್ಟರು 'ಬಾಯಿ ತೆಗಿ' ಅಂದ್ರಂತೆ. ದೆವ್ವ ತೆಗೀತು. ಡಾಕ್ಟರು ಬಗ್ಗಿ ನೋಡಿ, 'ಓಹೋ, ಆರೂವರೆ ಆಗೋಯ್ತು, ನಾನಿನ್ನು ಮನೆಗೆ ಹೋಗ್ತೀನಿ' ಅಂದ್ರಂತೆ."

ಇರ್ಮಾ ನಗಲಿಲ್ಲ. ಬಾಯಿಯಂಚಿಗೆ ಬಂದ ಬೇಕರಿಯ ನಗುವನ್ನು ಹಿಂದಕ್ಕೆ ಕಳಿಸಿ ಯೋಚಿಸಿದಳು. "ಆರೂವರೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?"

"ಹಿಂದೆ ಗೋಡೆ ಮೇಲೆ ಗಡಿಯಾರ ಇತ್ತಲ್ಲ! ದೆವ್ವದೊಳಗಿಂದ ಕಾಣ್ಸುತ್ತೆ!"

ಬಾಯಿ ತೆರೆದು ಕುಳಿತ ಬಡಪಾಯಿ ದೆವ್ವ ಆಗ ಇರ್ಮಾಳ ಕಣ್ಣಿಗೆ ಕಟ್ಟಿತು. ಅದರ ಗಂಟಲಲ್ಲಿ ಗಡಿಯಾರ. ಮೂಗಿನಿಂದ ಗೊರ್ರ್ ಎಂಬ ಸದ್ದೊಂದು ಹೊರಟಿತು, ಹಿಂದೆಯೇ ಇನ್ನೊಂದು. ಹೊಟ್ಟೆ ಹಿಡಿದುಕೊಂಡಳು. ಇದು ಅಂದವಾದ ನಗುವಲ್ಲ. ನಾರ್ಬರ್ಟ್ ಬಿಟ್ಟರೆ ಯಾರೂ ಇದನ್ನು ಕೇಳಿದವರಿಲ್ಲ. ಅಮ್ರಾ ಗಾಬರಿಯಿಂದ ನೋಡಿ, ಆಮೇಲೆ ತಾನೂ ಗೊರ್ರ್ ಎಂದಳು.

"ನಂಗೆ ಅರ್ಥ ಆಗ್ಲಿಲ್ಲ," ಎಂದ ನಾರ್ಬರ್ಟ್, ಪೊಟ್ಟಣ ಹಿಡಿದು ಬಂದು.

"ನೀನು ಸುಮ್ನೆ ಚಾಕೊಲೇಟ್ ಕೊಡು."

ಇರ್ಮಾ ಎದ್ದಳು. ಹೊರಕೋಣೆಗೆ ಹೋಗಿ ಸ್ವಿಚ್ ಒತ್ತಿದಳು. ಜಗಲಿಯ ಹಳದಿ ಬೆಳಕು ಮೆಟ್ಟಿಲುಗಳ ಮೇಲೆ, ಉದುರಿದ ಎಲೆಗಳ ಮೇಲೆ ಹರಡಿತು. ಬೀದಿಯಾಚೆಯಿಂದ ಯಾರೋ ಕೂಗಿದರು: "ಮಿಸ್ ಇರ್ಮಾ ಮನೇಲಿದಾರೆ!" ಓಡುವ ಹೆಜ್ಜೆಗಳು ಇತ್ತಲೇ ತಿರುಗಿದವು.

"ನಾರ್ಬರ್ಟ್, ಮೆಷಿನ್ನಲ್ಲಿರೋ ಪೊಟ್ಟಣ ಎಲ್ಲಾ ತಗೊಂಡ್ ಬಾ. ಆ ಬೋನೂ ಎತ್ತಿ ಒಳಗಿಡು, ಮಕ್ಕಳು ಎಡವ್ತಾರೆ. ಆಮೇಲೆ ಅಮ್ರಾಗೆ ಒಂದು ಕುರ್ಚಿ ಹಾಕು, ಅವಳು ಇಲ್ಲೇ ಕೂತು ಜೋಕ್ ಕೇಳ್ಲಿ, ನನಗೆ ಅರ್ಥ ಆಗ್ದಿದ್ರೆ ಬಿಡಿಸಿ ಹೇಳ್ಲಿ" ಎನ್ನುತ್ತ, ಪುಟ್ಟ ಕುಂಬಳಕಾಯಿಯನ್ನು ಕಂಕುಳಿಗೇರಿಸಿಕೊಂಡು, ಅವಳು ಜಗಲಿಗೆ ನಡೆದಳು.