ಬೋಳ ಮೋಟಾರು ಅಣ್ಣಿಗೇರಿಗೆ ಹೋದ ದಿನ

ನಮ್ಮ ಮಾವನವರ ಕಣ್ಣು ಮಂಜಾಗಿದ್ದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಎದುರಿಗೆ ಯಾರೋ ನಿಂತಿದ್ದಾರೆ ಎಂದು ಅವರಿಗೆ ತಿಳಿಯುತ್ತಿತ್ತು. ಯಾರೆಂದು ತಿಳಿಯಲು ದನಿ ಕೇಳಬೇಕು. ದಿನಾ ಮುಂಜಾನೆ ಪೇಪರು ಓದಿ ಹೇಳುವವಳು ನಾನು. ಮೊದಲು ಅಕ್ಷರ ಸಣ್ಣವು ಅನ್ನುತ್ತಿದ್ದರು, ಆಮೇಲೆ ಆ ನೆವವನ್ನೂ ಬಿಟ್ಟರು. “ಮನ್ಯಾಗ ಯಾರಿಗೂ ಹೇಳಬ್ಯಾಡ ಯವ್ವಾ” ಎಂದಿದ್ದರು. ನನ್ನ ಗಂಡ ಅಳ್ನಾವರದಲ್ಲಿ ನೌಕರಿಯಲ್ಲಿದ್ದರು. ವಾರಕ್ಕೊಮ್ಮೆ ಬಂದುಹೋಗುವ ಅವರಿಗೂ ನಾನು ಹೇಳಿರಲಿಲ್ಲ.

ನಮ್ಮ ಊರು ನವಲಗುಂದಕ್ಕೂ ಅಣ್ಣಿಗೇರಿಗೂ ನಡುವೆ. ಮಾವನವರು ವಾಡೆಯ ಮುಂದಿನ ಪಡಸಾಲೆಯನ್ನು ಸಂಗ್ರಹಾಲಯ ಮಾಡಿದ್ದರು. ವೀರಗಲ್ಲು, ಕತ್ತಿ, ನಾಣ್ಯ, ತಾಳೆಗರಿಯ ಕಟ್ಟುಗಳು ಅಲ್ಲಿದ್ದವು. ನೋಡಲು ಬಂದ ಶಾಲೆಯ ಮಕ್ಕಳು ಮಾತ್ರ ಮೊದಲು ಓಡುತ್ತಿದ್ದುದು ಬದಿಯ ಛಪ್ಪರಕ್ಕೆ. ಅಲ್ಲಿ ಎರಡನೇ ಮಹಾಯುದ್ಧಕ್ಕೂ ಮೊದಲು ಅಮೆರಿಕದಲ್ಲಿ ತಯಾರಾದ ಒಂದು ಕಾರು ಇತ್ತು. ಅದಕ್ಕೆ ತಗಡಿನ ಮಾಡು ಇಲ್ಲ, ಬೇಕೆಂದಾಗ ಎಳೆದುಕೊಳ್ಳುವ ಕ್ಯಾನ್ವಾಸು ಅಷ್ಟೇ. ಮುಂದೆ ಇಬ್ಬರು ಕೂಡಬಹುದು. ಹಿಂದಿನ ಮುಚ್ಚಳ ಎತ್ತಿದರೆ ಒಳಗೆ ಇನ್ನೊಂದು ಸೀಟು. ಸ್ಟಿಯರಿಂಗ್ ಎಡಕ್ಕೆ. ಊರವರು ಅದನ್ನು ಬೋಳ ಮೋಟಾರು ಎನ್ನುತ್ತಿದ್ದರು.

ಆ ವರ್ಷದ ಮಳೆಗೆ ಪಡಸಾಲೆಯ ಮಣ್ಣಿನ ಮಾಳಿಗೆ ಸೋರಿತು. ತೊಲೆಯೊಂದು ಬಾಗಿತು, ತಾಳೆಗರಿಗಳು ತೊಯ್ದವು. “ಒಂದನ್ನ ಕೊಟ್ಟು ಉಳದದ್ದನ್ನ ಉಳಿಸ್ಕೊಳ್ಳೂಣು” ಎಂದು ಮಾವನವರೇ ಬೋಳ ಮೋಟಾರು ಮಾರಲು ತೀರ್ಮಾನಿಸಿದರು. ಹತ್ತಿ ಬಿಡಿಸುವ ಕಾಲಕ್ಕೆ ಬೆಳಗಾವಿಯಿಂದ ಕಾರಖಾನೆಯ ಮಾಲಕರೊಬ್ಬರು ಡ್ರೈವರನನ್ನು ಕರೆದುಕೊಂಡು ಜೀಪಿನಲ್ಲಿ ಬಂದರು. ಹಳೆಯ ಕಾರು ಸಂಗ್ರಹಿಸುವ ಹವ್ಯಾಸ ಅವರದು. ಬೋಳ ಮೋಟಾರು ಅಣ್ಣಿಗೇರಿ ಸ್ಟೇಷನ್ನಿನವರೆಗೆ ತಾನಾಗಿ ಓಡಬೇಕು, ಅಲ್ಲಿ ರೈಲಿಗೆ ಹಾಕುತ್ತೇವೆ, ಓಡದಿದ್ದರೆ ವ್ಯವಹಾರ ಇಲ್ಲ ಎಂಬುದು ಅವರ ಕರಾರು.

ಓಡಿಸಲು ಡ್ರೈವರ್ ಕೂತ. ಗೇರು ಹಾಕಿದಾಗಲೆಲ್ಲ ಒಳಗೆ ಹಲ್ಲು ಕಡಿದ ಸದ್ದು. ಕಟ್ಟೆಯ ಮೇಲಿದ್ದ ಮಾವನವರು ಎದ್ದರು.

“ಇಳಿಯಪಾ. ಮುರದ ಹಾಕ್ತಿ. ನಾ ಹೊಡೀತೀನಿ.”

“ಬ್ಯಾಡ್ರಿ ಮಾವಾರ” ಎಂದೆ. ಅವರು ಬಾಗಿಲು ಸವರಿ, ಒಳಗೆ ಕೂತು, ನನ್ನ ದನಿ ಬಂದಿದ್ದ ಕಡೆ ಮುಖ ಮಾಡಿದರು. “ನೀ ಬಾಜೂಕ ಕೂಡು ಬಾ ಯವ್ವಾ.”

ಅತ್ತೆ ಹುಬ್ಬು ಗಂಟಿಕ್ಕಿದರು. “ಸೊಸಿ ಮುಂದ ಕೂತು ಹೋಗೂದು ಏನ ಚಂದ ಐತ್ರಿ?”

“ಸಂಗ್ರಹದ ಕೆಲಸ ಎಲ್ಲಾ ಅಕೀನ ಮಾಡ್ಯಾಳ. ಮೋಟಾರನ್ನೂ ಅಕೀನ ಒಪ್ಪಸ್ಲಿ ಬಿಡು.”

ಹೇಳಿಬಿಡಬೇಕು ಎಂದು ಬಾಯಿವರೆಗೆ ಬಂತು. ಸುತ್ತ ಅರ್ಧ ಊರು ನಿಂತಿತ್ತು. ಅಷ್ಟು ಮಂದಿಯ ನಡುವೆ ಅವರ ಕುರುಡನ್ನು ಬಿಚ್ಚಿ ತೋರಿಸಲು ನನ್ನಿಂದ ಆಗಲಿಲ್ಲ. ತಲೆ ಮೇಲೆ ಸೆರಗೆಳೆದುಕೊಂಡು ಹತ್ತಿ ಕೂತೆ. ಎಂಜಿನ್ನಿನ ಸದ್ದು ಕೇಳುತ್ತ ಬರುತ್ತೇನೆಂದು ಮಾಲಕರು ಹಿಂದಿನ ಸೀಟಿಗೆ ಇಳಿದರು. ಜೀಪು ಹಿಂದೆ ಹೊರಟಿತು.

ಊರು ದಾಟಿದ ಮೇಲೆ ಗಾಲಿ ಬಲಕ್ಕೆ ಸರಿಯುತ್ತಿರುವುದು ಕಂಡಿತು. ಬಾಯಿಬಿಟ್ಟು ಹೇಳಿದರೆ ಹಿಂದೆ ಕೂತ ಮಾಲಕರಿಗೆ ಕೇಳಿಸುತ್ತದೆ. ಏನು ಹೇಳುವುದು?

“ಎಡಕಿನ ಹೊಲದಾಗ ಹತ್ತಿ ಚಲೋ ಒಡದೈತ್ರಿ ಮಾವಾರ.”

ಅವರು ಎಡಕ್ಕೆ ತಂದರು. ಸ್ವಲ್ಪ ಹೆಚ್ಚಾಯಿತು.

“ಬಲಕ್ಕ ಕಡ್ಲಿ ಅದಾವ್ರಿ.”

ಬಲಕ್ಕೆ ಬಂದರು. ಆಮೇಲೆ ಬರೀ ಹತ್ತಿ ಎಂದರೆ ಎಡಕ್ಕೆ, ಕಡಲೆ ಎಂದರೆ ಬಲಕ್ಕೆ. ಹತ್ತಿ ಇಲ್ಲದ ಕಡೆಯೂ ಹತ್ತಿ ಎಂದೆ. ಧೂಳೆಬ್ಬಿಸುತ್ತ ಎದುರಿಗೆ ಬಸ್ಸು ಬಂತು. “ಹತ್ತಿ ನೋಡ್ರಿ, ಇನ್ನೂ ಹತ್ತಿ” ಎನ್ನುತ್ತ ಅಂಚಿಗೆ ತರಿಸಿದೆ. ಬಸ್ಸು ನನ್ನ ಸೆರಗಿಗೆ ಗಾಳಿ ಬೀಸಿ ಹೋಯಿತು.

“ನಿಮ್ಮ ಸೊಸಿಗೆ ಒಕ್ಕಲತನದ ಮ್ಯಾಲ ಭಾಳ ಲಕ್ಷ್ಯ ಐತ್ರಿ” ಎಂದರು ಹಿಂದಿನಿಂದ ಮಾಲಕರು. ಮಾವನವರು ಹೌದ್ರಿ ಎಂದರು. ಅವರ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು.

ಮುಂದೆ ಹಳ್ಳಕ್ಕೊಂದು ಸಣ್ಣ ಸೇತುವೆ. ಎರಡೂ ಬದಿಗೆ ಕಟ್ಟೆ ಇಲ್ಲ. ನಾವು ಅದರ ಮೇಲೆ ಏರುವ ಹೊತ್ತಿಗೆ ಆಚೆ ದಂಡೆಯಿಂದ ಹತ್ತಿ ಹೇರಿದ ಎತ್ತಿನ ಚಕ್ಕಡಿಯೊಂದು ನಡುರಸ್ತೆಯಲ್ಲೇ ಇಳಿದು ಬಂತು. ಹೊಡೆಯುವವನು ಹೇರಿನ ಮೇಲೆ ತೂಕಡಿಸುತ್ತಿದ್ದ.

“ಹತ್ತಿ ಚಕ್ಕಡಿ ಬಂತ್ರಿ” ಎಂದೆ.

ಅವರು ಹತ್ತಿ ಎಂಬುದನ್ನಷ್ಟೇ ಕೇಳಿ ಎಡಕ್ಕೆ ತಿರುಗಿಸಿದರು. ಎಡಕ್ಕೆ ಹಳ್ಳ.

“ಮಾವಾರ, ನಿಲ್ಸ್ರಿ” ಎಂದು ಕೂಗಿ ಒಂದು ಕೈಯಿಂದ ಸ್ಟಿಯರಿಂಗ್ ನನ್ನ ಕಡೆ ಜಗ್ಗಿದೆ, ಇನ್ನೊಂದರಿಂದ ಹ್ಯಾಂಡ್ ಬ್ರೇಕ್ ಎಳೆದೆ. ಅವರೂ ಬ್ರೇಕ್ ಒತ್ತಿದರು. ಮುಂದಿನ ಗಾಲಿ ಅಂಚಿನ ಕಲ್ಲಿನ ಮೇಲೆ ನಿಂತಿತು. ಎತ್ತುಗಳು ಬೆದರಿ ಹಿಂದೆ ಸರಿದವು. ಚಕ್ಕಡಿಯವನು ಹಾರಿ ಬಂದು ಹಗ್ಗ ಹಿಡಿದ.

ಮಾಲಕರು ಇಳಿದು ಗಾಲಿ ನೋಡಿದರು, ಕೆಳಗೆ ಹಳ್ಳ ನೋಡಿದರು, ಆಮೇಲೆ ನನ್ನನ್ನು. “ಏನಾತು?”

ಮಾವನವರು ಸ್ಟಿಯರಿಂಗಿನಿಂದ ಕೈ ತೆಗೆಯದೆ ಹೇಳಿದರು. “ನನಗ ಕಣ್ಣ ಕಾಣಂಗಿಲ್ರಿ. ಮೋಟಾರದಾಗ ಏನೂ ಐಬಿಲ್ಲ. ನಿಮ್ಮನ್ನ ಹಿಂದ ಕುಂದ್ರಿಸ್ಕೊಂಡು ಹೊಡದದ್ದು ನನ್ನ ತಪ್ಪು. ಅಕೀಗೆ ಏನೂ ಅನಬ್ಯಾಡ್ರಿ.”

“ನನಗೂ ಮನ್ಯಾಗ ಮಕ್ಕಳದಾರ್ರಿ” ಎಂದರು ಮಾಲಕರು. ದೂರ ಹೋಗಿ ಕಲ್ಲಿನ ಮೇಲೆ ಕೂತು ಸಿಗರೇಟು ಹಚ್ಚಿದರು. ವ್ಯವಹಾರ ಮುರಿಯಿತು ಎಂದುಕೊಂಡೆ. ಸಿಗರೇಟು ಮುಗಿದ ಮೇಲೆ ಎದ್ದು ಬಂದು, “ನೀವು ಈ ಬಾಜೂಕ ಬರ್ರಿ. ನಮ್ಮ ಡ್ರೈವರಗ ಗೇರ್ ಹಾಕೂದು ಕಲಸ್ರಿ” ಎಂದರು.

ಡ್ರೈವರನ ಕೈ ಮೇಲೆ ಮಾವನವರು ತಮ್ಮ ಕೈ ಇಟ್ಟರು. ಮೂರು ನಾಲ್ಕು ಸಲಕ್ಕೆ ಸದ್ದು ನಿಂತಿತು. ನಾನು ಜೀಪಿನಲ್ಲಿ ಹಿಂದೆ ಹೋದೆ, ಮಾಲಕರೇ ಜೀಪು ಹೊಡೆದರು. ಅಣ್ಣಿಗೇರಿ ಕಂಡಾಗ ಅವರು ಕೇಳಿದರು.

“ಅಷ್ಟು ದೂರ ಹ್ಯಾಂಗ ಹೊಡದ್ರು?”

“ನಾ ಹತ್ತಿ, ಕಡ್ಲಿ ಅಂದದ್ದು ಕೇಳಿ ಹೊಡದಾರ್ರಿ.”

ಅವರು ಒಮ್ಮೆ ತಿರುಗಿ ನೋಡಿ ಮತ್ತೆ ರಸ್ತೆ ನೋಡಿದರು.

ಸ್ಟೇಷನ್ನಿನಲ್ಲಿ ಕಾರನ್ನು ತೆರೆದ ವ್ಯಾಗನ್ನಿಗೆ ಏರಿಸಿದರು. ಮಾವನವರು ಹಗ್ಗಗಳನ್ನು ಮುಟ್ಟಿ ನೋಡಿ, ಒಂದನ್ನು ಬಿಗಿಸಲು ಹೇಳಿದರು. ಮಾಲಕರು ಮೊದಲು ಒಪ್ಪಿದ ಬೆಲೆಯನ್ನೇ ಎಣಿಸಿ ಕೊಟ್ಟರು. ನಾವು ಬಸ್ಸು ಹಿಡಿದು ಬಂದೆವು. “ಮನ್ಯಾಗ ನಾನ ಹೇಳ್ತೀನಿ” ಎಂದು ಮಾವನವರು ದಾರಿಯಲ್ಲಿ ಅಂದರು. ಹೇಳಿದರು.

ಅತ್ತೆ ಎಲ್ಲ ಕೇಳಿ ನನ್ನ ಕಡೆ ತಿರುಗಿದರು. “ನಿನಗ ಗೊತ್ತಿತ್ತು?”

“ಹೌದ್ರಿ.”

ಬಹಳ ದಿನ ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು. ಮಾಳಿಗೆಯ ಕೆಲಸ ಶುರುವಾದ ಮೇಲೆ ತಾವೇ ಗಂಡನನ್ನು ಹುಬ್ಬಳ್ಳಿಗೆ ಕರೆದೊಯ್ದು ಕಣ್ಣಿನ ಪೊರೆ ತೆಗೆಸಿಕೊಂಡು ಬಂದರು. ದಪ್ಪ ಕನ್ನಡಕ ಹಾಕಿಕೊಂಡು ಊಟಕ್ಕೆ ಕೂತ ಮಾವನವರು ರೊಟ್ಟಿ ನೀಡುತ್ತಿದ್ದ ನನ್ನನ್ನು ಬಹಳ ಹೊತ್ತು ನೋಡಿದರು.

“ನೀ ಇಷ್ಟ ಸಣ್ಣಾಕಿ ಅಂತ ನನಗ ತಿಳದಿದ್ದಿಲ್ಲ.”

“ಸಣ್ಣಾಕೀನ ಅದಾಳ” ಎಂದರು ಅತ್ತೆ. “ಅಂಥಾಕಿ ಮ್ಯಾಲ ಅಷ್ಟು ಭಾರ ಹೇರಿದ್ರಿ.” ಆಮೇಲೆ ನನ್ನ ಕೈಯಿಂದ ರೊಟ್ಟಿ ಬುಟ್ಟಿ ಇಸಿದುಕೊಂಡು, ನನಗೂ ತಾಟು ಹಾಕಿದರು.